ಶೆಡ್ಡಿನವರ ಮೇಲೇ ಯಾಕೆ ಅನುಮಾನ?

ಮಾನ್ಯ ಸಂಪಾದಕರೇ,

ವಲಸೆ ಬಂದವರಿಂದ ಊರಿನ ಭದ್ರತೆಗೆ ಅಪಾಯ ಎನ್ನುವ ಮಾತು ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ನಮ್ಮ ಯಾದಗಿರಿ ಕೂಲಿಗಾಗಿ ಗುಳೆ ಹೋಗುವವರ ಜಿಲ್ಲೆ. ಈ ಮಾತಿಗೆ ನಾವು ಸುಮ್ನೆ ತಲೆಯಾಡಿಸಬಾರದು.

2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಕೂಲಿಕಾರರ ಶೆಡ್‌ಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದವರು ಅಂತ ಅನುಮಾನ. ವಿಚಾರಿಸಿದರೆ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೊನೆಗೆ ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಮೈಬಣ್ಣ, ಮಾತು, ತಗಡಿನ ಗುಡಿಸಲು ನೋಡಿ ಇವರು ಯಾವ ದೇಶದವರು ಅಂತ ತೀರ್ಮಾನಿಸುವುದು ಎಂಥ ಅನ್ಯಾಯ!

ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈರನ್ ವೀನರ್ 1970ರ ದಶಕದಲ್ಲೇ ಅಸ್ಸಾಂ, ಛೋಟಾನಾಗ್ಪುರ, ಹೈದರಾಬಾದಿನ ವಲಸೆ ಬಗ್ಗೆ ಅಧ್ಯಯನ ಮಾಡಿದ್ದರು. ಹೊರಗಿನವರ ಮೇಲೆ ಸಿಟ್ಟು ಏಳುವುದು ಹೆಚ್ಚಾಗಿ ಎಲ್ಲಿ ಗೊತ್ತಾ? ಊರಿನ ಓದಿದ ಹುಡುಗರು ಬಯಸುವ ನೌಕರಿಯಲ್ಲಿ ಹೊರಗಿನವರು ಕೂತಿರುವ ಕಡೆ. ಹೈದರಾಬಾದಿನ ಮುಲ್ಕಿ, ಅಂದರೆ ಸ್ಥಳೀಯರ ಹೋರಾಟವೂ ನೌಕರಿಯದೇ. 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದ ನಮಗೆ ಇದು ಹೊಸದಲ್ಲ. ಮುಂದೆ ನಮ್ಮ ಭಾಗದವರಿಗೆ ನೌಕರಿ, ಓದಿನಲ್ಲಿ ಮೀಸಲಾತಿಗೆ ದಾರಿ ಮಾಡುವ ಸಂವಿಧಾನದ 371(ಜೆ) ವಿಧಿಯನ್ನು ನಾವು ಕೇಳಿ ಪಡೆದೆವು. ಅದು ನ್ಯಾಯವಾದ ಬೇಡಿಕೆಯೇ. ಆದರೆ ಸಿಟ್ಟು ನೌಕರಿಗಾಗಿ, ಪೆಟ್ಟು ಮಾತ್ರ ಗಾರೆ ಕೆಲಸದವರಿಗೆ ಅಂದರೆ ಹೇಗೆ? ಕಲಬುರಗಿಯಲ್ಲಿ ಟೈಲ್ಸ್ ಕೂರಿಸುವ ಬಿಹಾರದ ಹುಡುಗರಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುವವರು ಬೆಳ್ಳಂದೂರನ್ನು ನೆನೆಯಬೇಕು.

ತೊಗರಿ ರಾಶಿ ಮುಗಿಯುತ್ತಲೇ ನಮ್ಮ ತಾಂಡಾಗಳಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಜನ ಹೊರಡುತ್ತಾರೆ. ತಲೆ ಮೇಲೆ ಜೋಳದ ಹಿಟ್ಟಿನ ಚೀಲ, ಕೈಯಲ್ಲಿ ಪಾತ್ರೆಗಂಟು, ಹಿಂದೆ ಶಾಲೆ ಬಿಟ್ಟ ಮಕ್ಕಳು. ನಾನು ಮೇಷ್ಟ್ರಾಗಿದ್ದಾಗ ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಯುಗಾದಿ ತನಕ ಬರೀ ಗೈರುಹಾಜರಿಯೇ. ಯಾವ ಗುತ್ತೇದಾರನ ಜೊತೆ ಹೋದರು, ಎಲ್ಲಿದ್ದಾರೆ ಅಂತ ಕೇಳಿದರೆ ಪಂಚಾಯಿತಿಯಲ್ಲೂ ಉತ್ತರ ಇರುತ್ತಿರಲಿಲ್ಲ. 1979ರ ವಲಸೆ ಕಾರ್ಮಿಕರ ಕಾಯ್ದೆ ಗುತ್ತೇದಾರನಿಗೆ ಲೈಸೆನ್ಸ್, ಕೂಲಿಕಾರನಿಗೆ ಫೋಟೊ ಇರುವ ಪಾಸ್‌ಬುಕ್ ಕಡ್ಡಾಯ ಮಾಡಿತ್ತು. ಅದೂ ಬೇರೆ ರಾಜ್ಯಕ್ಕೆ ಹೋದವರಿಗಷ್ಟೇ. ಯಾದಗಿರಿಯಿಂದ ಬೆಂಗಳೂರಿಗೆ ಹೋದವರು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹೊರಡುವ ಊರಲ್ಲೇ, ಪಂಚಾಯಿತಿಯಲ್ಲೇ ಇವರ ನೋಂದಣಿ ಆಗಬೇಕು. ಗುತ್ತೇದಾರನ ಹೆಸರು, ಫೋನ್ ನಂಬರ್, ಒಪ್ಪಿದ ಕೂಲಿ ಎಲ್ಲಾ ಅದರಲ್ಲಿ ಇರಲಿ. ಕೂಲಿ ಬಾಕಿ ಉಳಿದರೆ ಕೇಳಲು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಲು ಅದು ಆಧಾರವಾಗುತ್ತದೆ. ಈ ಪಟ್ಟಿ ಕಾರ್ಮಿಕ ಇಲಾಖೆಗೆ, ಶಿಕ್ಷಣ ಇಲಾಖೆಗೆ ಹೋಗಲಿ. ಈ ಸಲದ ರಾಶಿ ಮುಗಿಯುವ ಮೊದಲೇ ಜಿಲ್ಲಾ ಪಂಚಾಯಿತಿ ಈ ಕೆಲಸ ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಶಿಕ್ಷಕ, ಶಹಾಪುರ, ಯಾದಗಿರಿ ಜಿಲ್ಲೆ