ತಪ್ಪು ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್

ಭಿನ್ನರಾಶಿ ಮತ್ತು ದಶಮಾಂಶದ ಆನ್‌ಲೈನ್ ಕೋರ್ಸಿನ ಕೊನೆಯ ಘಟಕ ಈ ವಾರ ಕಲಿಯುವವರ ಕೈ ಸೇರಿತು. ತರಗತಿಯಲ್ಲಿ ಗಣಿತ ಹೇಳಿಕೊಡುತ್ತಿದ್ದ ನಾನು ಲರ್ನಿಂಗ್ ಡಿಸೈನಿಗೆ, ಅಂದರೆ ಕೋರ್ಸುಗಳನ್ನು ರೂಪಿಸುವ ಕೆಲಸಕ್ಕೆ, ಬಂದ ಮೇಲೆ ಮೊದಲಿಂದ ಕೊನೆಯವರೆಗೆ ಜವಾಬ್ದಾರಿ ಹೊತ್ತ ಮೊದಲ ಕೋರ್ಸ್ ಇದು. ತುಂಬಾ ಖುಷಿಯಾಗಿದೆ. ಈ ಖುಷಿಯಲ್ಲಿ ಪಾಲಿರುವವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದ್ದೇನೆ, ಆದರೂ ಎಲ್ಲರ ಎದುರಿಗೆ ಒಮ್ಮೆ ಹೇಳಬೇಕು ಅನ್ನಿಸಿತು.

ಮೊದಲ ಥ್ಯಾಂಕ್ಸ್ ನನ್ನ ವಿದ್ಯಾರ್ಥಿಗಳಿಗೆ. ಅದರಲ್ಲೂ ತಪ್ಪು ಉತ್ತರ ಹೇಳಿ, ಯಾಕೆ ಹಾಗೆ ಹೇಳಿದೆ ಅಂತ ಕೇಳಿದಾಗ ಹೆದರದೆ ವಿವರಿಸಿದವರಿಗೆ. ಒಂದು ಉದಾಹರಣೆ ಕೊಡುತ್ತೇನೆ. 0.4 ಮತ್ತು 0.35, ಯಾವುದು ದೊಡ್ಡದು? ಎಷ್ಟೋ ಮಕ್ಕಳು 0.35 ಅನ್ನುತ್ತಾರೆ. ಕಾರಣ ಕೇಳಿದರೆ, "4ಕ್ಕಿಂತ 35 ದೊಡ್ಡದಲ್ವಾ?" ಇದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ತಪ್ಪು. ಆದರೆ ಸರಿಯಾಗಿ 0.4 ಅಂದ ಒಬ್ಬ ಹುಡುಗಿಯನ್ನೂ ಕೇಳಿದೆ, ಯಾಕಮ್ಮಾ ಅಂತ. "ಬಿಂದು ಆದ ಮೇಲೆ ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ಚಿಕ್ಕದು" ಅಂದಳು. ಹತ್ತನೆಯ ಒಂದು ಭಾಗಕ್ಕಿಂತ ನೂರನೆಯ ಒಂದು ಭಾಗ ಚಿಕ್ಕದು ತಾನೇ, ಅದನ್ನೇ ಹಿಡಿದು ಅವಳು ತನ್ನದೇ ನಿಯಮ ಕಟ್ಟಿಕೊಂಡಿದ್ದಳು. ಆ ನಿಯಮದಿಂದ ಈ ಪ್ರಶ್ನೆಗೆ ಪೂರ್ತಿ ಅಂಕ ಸಿಗುತ್ತದೆ. 0.4 ಮತ್ತು 0.45 ಕೊಟ್ಟರೆ ಮಾತ್ರ ಅವಳು ಸಿಕ್ಕಿಹಾಕಿಕೊಳ್ಳುತ್ತಾಳೆ, ಆಗಲೂ 0.4 ದೊಡ್ಡದು ಅನ್ನುತ್ತಾಳೆ. ಆದರೆ ಇದೇ ಎರಡನೇ ಪ್ರಶ್ನೆಯಲ್ಲಿ ಮೊದಲ ಗುಂಪಿನ ಮಕ್ಕಳು ಆರಾಮಾಗಿ ಪಾಸಾಗುತ್ತಾರೆ. ಅಂದರೆ ಒಂದು ಪ್ರಶ್ನೆ ಒಂದು ಬಗೆಯ ತಪ್ಪನ್ನು ಹಿಡಿಯುತ್ತದೆ, ಇನ್ನೊಂದನ್ನು ಬಿಟ್ಟುಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಇಬ್ಬರೂ ಸಿಗುತ್ತಾರೆ.

ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲಿ ಇದೇ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ ಅಂತ ಆಮೇಲೆ ಓದಿ ತಿಳಿಯಿತು. 1978ರಲ್ಲೇ ಬ್ರೌನ್ ಮತ್ತು ಬರ್ಟನ್ ಅನ್ನುವವರು ಕಳೆಯುವ ಲೆಕ್ಕದಲ್ಲಿ ಮಕ್ಕಳ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ ಬಗ್‌ಗಳ ಹಾಗೆ ವಿಂಗಡಿಸಿದ್ದರು. 52ರಿಂದ 38 ಕಳೆದು 26 ಅಂತ ಬರೆದ ಮಗು ಸುಮ್ನೆ ಏನೋ ಬರೆದದ್ದಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಶಿಸ್ತಾಗಿ. ಇದನ್ನು ಓದಿದ ದಿನ ನನಗೆ ಈ ಕೆಲಸದ ಅರ್ಥ ಸಿಕ್ಕಿತು ಅನ್ನಬೇಕು. ತರಗತಿಯಲ್ಲಾದರೆ ಮಗುವಿನ ಮುಖ ನೋಡಿ, ಮರುಪ್ರಶ್ನೆ ಕೇಳಿ ಅದರ ನಿಯಮವನ್ನು ಕಂಡುಹಿಡಿಯಬಹುದು. ಸ್ಕ್ರೀನಿನ ಹಿಂದೆ ನಾನು ಇರುವುದಿಲ್ಲ. ಹಾಗಾಗಿ ಆ ಮರುಪ್ರಶ್ನೆ ಮೊದಲೇ ಪ್ರಶ್ನೆಯೊಳಗೇ ಇರಬೇಕು, ಪ್ರತಿ ತಪ್ಪು ಆಯ್ಕೆಯ ಹಿಂದೆ ಒಂದು ನಿಜವಾದ ಯೋಚನೆ ಇರಬೇಕು, ಫೀಡ್‌ಬ್ಯಾಕ್ ಆ ಯೋಚನೆಗೇ ಉತ್ತರ ಕೊಡಬೇಕು. ಈ ಕೋರ್ಸಿನಲ್ಲಿ ಬರೀ "ತಪ್ಪು, ಮತ್ತೆ ಪ್ರಯತ್ನಿಸಿ" ಅನ್ನುವ ಸಾಲು ಎಲ್ಲೂ ಇಲ್ಲ. ಆ ವಿಷಯದಲ್ಲಿ ನನಗೆ ಹೆಮ್ಮೆ ಇದೆ. ಆ ತಪ್ಪು ಆಯ್ಕೆಗಳೆಲ್ಲ ನನ್ನ ವಿದ್ಯಾರ್ಥಿಗಳು ಕೊಟ್ಟದ್ದು.

ನನ್ನನ್ನು ಈ ತಂಡಕ್ಕೆ ಸೇರಿಸಿಕೊಂಡ ಹಿರಿಯ ಡಿಸೈನರ್‌ಗೆ ಎಷ್ಟು ಹೇಳಿದರೂ ಸಾಲದು. ಯಾವ ಸ್ಟೋರಿಬೋರ್ಡ್ (ಪಾಠದ ಸ್ಕ್ರೀನುಗಳ ಕರಡು) ತೆಗೆದುಕೊಂಡು ಹೋದರೂ ಅವರ ಮೊದಲ ಪ್ರಶ್ನೆ ಒಂದೇ. ಇದು ಮುಗಿದ ಮೇಲೆ ಕಲಿತವರು ಏನು ಮಾಡಬಲ್ಲರು, ಅದು ನಮಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಉತ್ತರ ಇದ್ದರೆ ಮಾತ್ರ ಮುಂದಿನ ಮಾತು. ಕೊನೆಯಿಂದ ಮೊದಲಿಗೆ ಬರುವ ಈ ಕ್ರಮಕ್ಕೆ ಬ್ಯಾಕ್‌ವರ್ಡ್ ಡಿಸೈನ್ ಅನ್ನುತ್ತಾರೆ, ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಅದನ್ನು ಎಲ್ಲರಿಗೂ ಪರಿಚಯಿಸಿದವರು. ಕಡಿಮೆ ಮಾಡುವುದನ್ನೂ ನಮ್ಮ ಹಿರಿಯ ಡಿಸೈನರಿಂದಲೇ ಕಲಿತೆ. ಚಂದಕ್ಕೆ ಇಟ್ಟ ಚಿತ್ರ, ಹಿನ್ನೆಲೆ ಸಂಗೀತ, ಸ್ಕ್ರೀನಿನಲ್ಲಿ ಇರುವುದನ್ನೇ ಓದುವ ಧ್ವನಿ, ಎಲ್ಲವನ್ನೂ ತೆಗೆಸಿದರು. ಪ್ರತಿ ಸಲವೂ ಕಾರಣ ಹೇಳಿದರು. ಜಾನ್ ಸ್ವೆಲ್ಲರ್ 1988ರಲ್ಲಿ ಮುಂದಿಟ್ಟ ಕಾಗ್ನಿಟಿವ್ ಲೋಡ್, ಅಂದರೆ ಕಲಿಯುವಾಗ ಮನಸ್ಸಿನ ಮೇಲೆ ಬೀಳುವ ಹೊರೆಯ ವಿಚಾರವನ್ನು ಅವರು ನನಗೆ ಅರ್ಥ ಮಾಡಿಸಿದ್ದು ಒಂದೇ ಚಿತ್ರದಿಂದ. ಸಂಖ್ಯಾರೇಖೆ ಮೇಲಿತ್ತು, ಅದರ ವಿವರಣೆ ಕೆಳಗೆ ಬೇರೆ ಪೆಟ್ಟಿಗೆಯಲ್ಲಿತ್ತು. ಓದುವವರ ಕಣ್ಣು ಮೇಲೆ ಕೆಳಗೆ ಓಡಾಡಿಯೇ ಸುಸ್ತಾಗುತ್ತದೆ, ಗಣಿತಕ್ಕೆ ಏನು ಉಳಿಯುತ್ತದೆ ಅಂದರು. ವಿವರಣೆಯ ಮಾತುಗಳನ್ನು ತುಂಡು ಮಾಡಿ ರೇಖೆಯ ಮೇಲೇ, ಆಯಾ ಬಿಂದುವಿನ ಪಕ್ಕ ಕೂರಿಸಿದೆವು. ಅಷ್ಟೇ. ಕೋರ್ಸನ್ನು ಬಳಸಿ ನೋಡಲು ಬಂದ ಮಕ್ಕಳು ಅಲ್ಲಿ ತಡವರಿಸುವುದು ನಿಂತಿತು.

ಡೆವಲಪರ್ ಗೆಳೆಯನ ಬಗ್ಗೆ. ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರನ್ನು ನಾನು ತರಗತಿಯಲ್ಲಿ ಮೊದಲಿಂದಲೂ ಬಳಸುತ್ತಿದ್ದೆ. ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಆ ಸಾಫ್ಟ್‌ವೇರೇ ನನ್ನನ್ನು ಈ ಕಡೆಗೆ ಎಳೆದದ್ದು ಕೂಡ. ಹಾಗಾಗಿ ಕೋರ್ಸಿನ ತುಂಬಾ ಸ್ಲೈಡರ್ (ಎಳೆದು ಸಂಖ್ಯೆ ಬದಲಿಸುವ ಗುಂಡಿ) ಇರಬೇಕು ಅಂತ ನನ್ನ ಆಸೆ. ಆ ಗೆಳೆಯ ಕೇಳಿದ: ಎಳೆಯುವವರು ಎಳೆಯುವ ಮೊದಲು ಏನು ಯೋಚನೆ ಮಾಡಬೇಕು? ಅಲ್ಲಿಂದ ಹೊರಟ ಮಾತು ಕೊನೆಗೆ ಕೋರ್ಸಿನ ನನ್ನ ಅತ್ಯಂತ ಪ್ರೀತಿಯ ಚಟುವಟಿಕೆಯಾಯಿತು. ಸಂಖ್ಯಾರೇಖೆಯ ಮೇಲೆ ನಾಲ್ಕನೆಯ ಒಂದು ಭಾಗ ಅನ್ನುವ ಬಿಂದು ಇದೆ. ಛೇದ 4ರಿಂದ 8 ಆದರೆ ಬಿಂದು ಎಲ್ಲಿಗೆ ಹೋಗುತ್ತದೆ, ಮೊದಲು ನೀವೇ ಗುರುತು ಹಾಕಿ. ಗುರುತು ಹಾಕುವವರೆಗೂ ಸ್ಲೈಡರ್ ಬೀಗ ಹಾಕಿಕೊಂಡು ಕೂತಿರುತ್ತದೆ. 8 ದೊಡ್ಡದಲ್ಲವೇ ಅಂತ ಬಲಕ್ಕೆ ಗುರುತು ಹಾಕಿದ ಮಗು ಸ್ಲೈಡರ್ ಎಳೆದಾಗ ಬಿಂದು ಎಡಕ್ಕೆ, ಸೊನ್ನೆಯ ಕಡೆಗೆ ಸರಿಯುತ್ತದೆ. ಮಗು ಹಾಕಿದ ಗುರುತು ಅಲ್ಲೇ ಉಳಿದಿರುತ್ತದೆ. ಆ ಎರಡರ ನಡುವಿನ ಜಾಗದಲ್ಲೇ ಪಾಠ ಶುರು. ಬೀಗದ ಆ ಕೋಡ್ ಬರೆಯಲು ನೀನು ಎಷ್ಟು ರಾತ್ರಿ ಎದ್ದಿದ್ದೆ ಅಂತ ನನಗೆ ಗೊತ್ತು ಕಣೋ, ಮರೆಯುವುದಿಲ್ಲ.

ಇನ್ನೊಬ್ಬರು, ಕಣ್ಣು ಕಾಣದ ನಮ್ಮ ಟೆಸ್ಟರ್. ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ಅವರ ಸ್ಕ್ರೀನ್ ರೀಡರ್ ಪಕ್ಕ ಕೂತು ಕೇಳಿದ ಮೇಲೆ ಗಣಿತವನ್ನು ನಾನು ಎಷ್ಟು ಕಣ್ಣಿನಿಂದಲೇ ಓದುತ್ತೇನೆ ಅಂತ ತಿಳಿಯಿತು. ಸೂತ್ರವನ್ನು ಚಿತ್ರವಾಗಿ ಹಾಕಿದರೆ ಅವರಿಗೆ ಕೇಳುವುದು "ಚಿತ್ರ" ಅನ್ನುವ ಒಂದೇ ಪದ. ಮಾತಿನಲ್ಲಿ "ಎ ಪ್ಲಸ್ ಬಿ ಬೈ ಸಿ" ಅಂತ ಬರೆದಿಟ್ಟರೂ ಸಾಲದು, ಎ ಕೂಡ ಗೆರೆಯ ಮೇಲಿದೆಯೋ ಇಲ್ಲಾ ಬಿ ಮಾತ್ರವೋ? ಎರಡಕ್ಕೂ ಉತ್ತರ ಬೇರೆ. ವೆಬ್‌ನಲ್ಲಿ ಗಣಿತ ಬರೆಯಲೆಂದೇ ಮ್ಯಾತ್‌ಎಂಎಲ್ ಅನ್ನುವ ಮಾನದಂಡ 1998ರಿಂದ ಇದೆ. ಅದರಲ್ಲಿ ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅನ್ನುವುದು ಸ್ಪಷ್ಟ. ಪ್ರತಿಯೊಂದು ಸೂತ್ರವನ್ನೂ ಅವರು ಕೇಳಿಸಿಕೊಂಡು, ಅರ್ಥವಾಗದ್ದನ್ನು ವಾಪಸ್ ಕಳಿಸಿದರು, ಬೇಸರವಿಲ್ಲದೆ. ಅವರಿಂದ ಕೋರ್ಸ್ ಎಲ್ಲರಿಗೂ ಚೆನ್ನಾಯಿತು, ಯಾಕಂದರೆ ಕಿವಿಗೆ ಗೊಂದಲವಾಗುವ ಸಾಲು ಎಷ್ಟೋ ಸಲ ಕಣ್ಣಿಗೂ ಗೊಂದಲವೇ.

ಪಾಠ ಹೇಳುವುದನ್ನು ಬಿಟ್ಟು ಯಾಕೆ ಹೋದೆ ಅಂತ ತುಂಬಾ ಜನ ಕೇಳಿದರು. ಆ ಮಾತು ನೋವು ಕೊಡುತ್ತಿತ್ತು. ಮಕ್ಕಳ ಗಲಾಟೆ ಇಲ್ಲದ ಮೊದಲ ತಿಂಗಳುಗಳು ನಿಜಕ್ಕೂ ಕಷ್ಟವೇ ಆಗಿದ್ದವು. ಆಗ ನನ್ನ ಹಳೆಯ ಸಹೋದ್ಯೋಗಿಗಳು ತಮ್ಮ ತರಗತಿಯ ಬಾಗಿಲು ತೆರೆದು, ಬಂದು ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ಜೊತೆ ಪ್ರೋಟೋಟೈಪ್ (ಕೋರ್ಸಿನ ಮೊದಲ ಮಾದರಿ) ಪರೀಕ್ಷೆ ಮಾಡಿಕೋ ಅಂದರು. ತಮ್ಮ ಪೀರಿಯಡ್ ಬಿಟ್ಟುಕೊಡುವುದು ಅಂದರೆ ಏನು ಅಂತ ಶಿಕ್ಷಕರಿಗೆ ಹೇಳಬೇಕಿಲ್ಲ. ನೀವು ಇಲ್ಲದಿದ್ದರೆ ಈ ಕೋರ್ಸ್ ಆಫೀಸಿನ ಊಹೆಯ ಮೇಲೆ ನಿಂತಿರುತ್ತಿತ್ತು. ಮನೆಯವರಿಗೂ ಪ್ರೀತಿಯ ಥ್ಯಾಂಕ್ಸ್, ಪ್ರತಿ ಘಟಕದ ಮೊದಲ ಕಲಿಯುವವರು ಅವರೇ.

ಮುಂದೆ ಬೀಜಗಣಿತ ಶುರು ಮಾಡುತ್ತಿದ್ದೇವೆ, ಮೊದಲ ಘಟಕ ಸಮ ಚಿಹ್ನೆಯದು. 8 + 4 = __ + 5 ಅಂತ ಕೊಟ್ಟರೆ ಖಾಲಿ ಜಾಗದಲ್ಲಿ 12 ಬರೆಯುವ ಮಕ್ಕಳು ಎಲ್ಲ ಕಡೆ ಇದ್ದಾರೆ, 17 ಬರೆಯುವವರೂ ಇದ್ದಾರೆ. ನಿಮ್ಮ ಮಕ್ಕಳು ಇನ್ನೇನು ಬರೆಯುತ್ತಾರೆ, ಯಾಕೆ ಅಂತ ಕೇಳಿದರೆ ಏನು ಹೇಳುತ್ತಾರೆ, ಅವರ ಮಾತಿನಲ್ಲೇ ನನಗೆ ಬರೆದು ಕಳಿಸಿ. ಹೆಸರು ಬೇಡ, ಉತ್ತರ ಮತ್ತು ಕಾರಣ ಸಾಕು.