ಮೃಗಾಲಯದಲ್ಲಿ ಮಕ್ಕಳ ಎದುರೇ ಕೂಗಾಟ ಯಾಕೆ?

ಮಾನ್ಯರೇ,

ಪುಟ್ಟ ಮಕ್ಕಳನ್ನು ಮೊದಲ ಸಲ ಮೈಸೂರು ಮೃಗಾಲಯಕ್ಕೆ ಕರೆದೊಯ್ಯುವ ದೊಡ್ಡವರು ಅಲ್ಲಿ ನಡೆದುಕೊಳ್ಳುವ ರೀತಿ ಸರಿಯಿಲ್ಲ. ರಜೆ ಬಂತೆಂದರೆ ಕೊಡಗಿನಿಂದಲೂ ಹೋಗುವವರು ಜಾಸ್ತಿ. ಹುಲಿ ಮಲಗಿದ್ದರೆ ಸಾಕು, ಶಿಳ್ಳೆ ಹಾಕಿ, ಚಪ್ಪಾಳೆ ತಟ್ಟಿ ಎಬ್ಬಿಸಲು ನೋಡುತ್ತಾರೆ. ಹೆಗಲ ಮೇಲೆ ಕೂತ ಮೂರು ವರ್ಷದ ಮಗುವೂ ಅಪ್ಪನನ್ನು ನೋಡಿ ಹಾಗೇ ಕಿರುಚುತ್ತದೆ. ಹುಲಿ ಹಗಲು ಹೊತ್ತು ಹೆಚ್ಚಾಗಿ ಮಲಗಿಯೇ ಇರುತ್ತದೆ ಎಂದು ಹೇಳಿಕೊಟ್ಟರೆ ಮಗುವಿಗೆ ಅದೂ ಒಂದು ಪಾಠ ಅಲ್ವಾ?

ನಮ್ಮ ಕಡೆಯ ಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಸಿದ್ದಾಪುರ, ವಿರಾಜಪೇಟೆ ಸುತ್ತ ಕಾಫಿ ತೋಟಕ್ಕೆ ಆನೆ ನುಗ್ಗುವುದು, ರಾತ್ರಿ ಪಟಾಕಿ ಸಿಡಿಸಿ ಓಡಿಸುವುದು, ಇದನ್ನೇ ಕೇಳಿ ಬೆಳೆದ ಮಗುವಿಗೆ ಆನೆ ಎಂದರೆ ಭಯ. ಅಂಥ ಮಗು, ಆನೆ ಸೊಂಡಿಲಿನಿಂದ ಬೆನ್ನಿಗೆ ಮಣ್ಣು ಎರಚಿಕೊಳ್ಳುವುದನ್ನು ಬಾಯಿ ಬಿಟ್ಟು ನೋಡುತ್ತಿರುವಾಗ, ಸೆಲ್ಫಿ ಆಯ್ತು ನಡಿ ಅಂತ ಕೈ ಹಿಡಿದು ಎಳೆಯುತ್ತೇವೆ. 1892ರಲ್ಲಿ ಶುರುವಾದ ಆ ಮೃಗಾಲಯ ದೊಡ್ಡದು. ಎಲ್ಲವನ್ನೂ ಒಂದೇ ದಿನ ತೋರಿಸುವ ಹಟ ಸುಮ್ನೆ ಯಾಕೆ? ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಸುಸ್ತಾಗಿ ಅಳುತ್ತವೆ. (ಮಂಗಳವಾರ ರಜೆ ಎಂಬುದನ್ನೂ ವಿಚಾರಿಸದೆ ಹೋಗಿ ಗೇಟಿನಿಂದಲೇ ವಾಪಸ್ ಬರುವವರೂ ಇದ್ದಾರೆ!)

ಜಿಲ್ಲೆಯ ಅಂಗನವಾಡಿ, ಶಾಲೆಗಳು ರಜೆಗೆ ಮುಂಚಿನ ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯ ಮಾತಾಡಲಿ. ಅರಣ್ಯ ಇಲಾಖೆಯವರನ್ನೋ, ದುಬಾರೆಯ ಮಾವುತರನ್ನೋ ಕರೆಸಿ ಮಾತಾಡಿಸಿದರೆ ಇನ್ನೂ ಒಳ್ಳೆಯದು.

– ಓರ್ವ ಓದುಗ, ಕುಶಾಲನಗರ