ಮಗಳಿಗೊಂದು ಪತ್ರ: ಸಿಲ್ವರ್ ಮರದ ತುದಿ ನೋಡು

ಮೂಡಿಗೆರೆ
ಭಾನುವಾರ ರಾತ್ರಿ

ಪುಟ್ಟಿ,

ಫೋನಿನಲ್ಲಿ ಹೇಳಿದರೆ ನಿಮ್ಮಮ್ಮನ ಕಿವಿಗೆ ಬೀಳುತ್ತೆ, ಅದಕ್ಕೇ ಪತ್ರ. ನೀನು ಬಿಟ್ಟುಹೋದ ಡ್ರೋನ್ ಹಾರಿಸಲು ಹೋಗಿ ಒಂದು ರೆಕ್ಕೆ ಮುರಿದಿದ್ದೇನೆ.

ಕಾಫಿ ಕಣದಲ್ಲಿ ಗಾಳಿಯೇ ಇರಲಿಲ್ಲ ಕಣೇ. ಬಚ್ಚಲ ಒಲೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಕೆರೆ ಪಕ್ಕದ ಮೆಣಸಿನ ಬಳ್ಳಿ ಮೇಲಿಂದ ನೋಡೋಣ ಅಂತ ಬಿಟ್ಟೆ. ಸರ್ರನೆ ಹೋಯಿತು, ಭಲೇ ಅಂದುಕೊಂಡೆ. ಬ್ಯಾಟರಿ ಅರವತ್ತಕ್ಕೆ ಇಳಿದಾಗ ತಿರುಗಿಸಿದರೆ ಬರಲೊಲ್ಲದು! ತಲೆ ಎತ್ತಿ ನೋಡುತ್ತೇನೆ, ತೋಟಕ್ಕೆ ನೆರಳು ಕೊಡುವ ಸಿಲ್ವರ್ ಮರದ ತುದಿಗಳೆಲ್ಲ ಕೆರೆ ಕಡೆಗೆ ಬಾಗಿವೆ. ಹೋಗುವಾಗ ತಳ್ಳಿಕೊಂಡು ಹೋದ ಗಾಳಿಯೇ ಈಗ ಎದುರಿಗೆ. ಮರದ ಮರೆಗೆ ಇಳಿಸಿಕೊಂಡು ಹೇಗೋ ಕೂಲಿಯವರ ಲೈನ್ ಮನೆ ತನಕ ತಂದೆ. ಹನ್ನೊಂದು ಪರ್ಸೆಂಟಿನಲ್ಲಿ ಹೆಂಚಿನ ಮೇಲೆ ಬಿತ್ತು.

ಇನ್ನು ಮೇಲೆ ಮೊದಲು ಗಾಳಿಗೆ ಎದುರಾಗಿಯೇ ಕಳಿಸಬೇಕು. ಬ್ಯಾಟರಿ ಸೋತಾಗ ಗಾಳಿಯೇ ಮನೆಗೆ ತಳ್ಳಲಿ.

ಕ್ರಿಸ್‌ಮಸ್ ರಜೆಗೆ ಗೆಳತಿಯರ ಜೊತೆ ಮುಳ್ಳಯ್ಯನಗಿರಿ ಅಂದೆಯಲ್ಲ, ನನಗೆ ಹೆದರಿಕೆ ಇರುವುದು ಅಲ್ಲೇ. 1930 ಮೀಟರ್ ಎತ್ತರದ ಬೋಳು ಬೆಟ್ಟ. ಫೋನು ತೋರಿಸುವ ಗಾಳಿ ಚಿಕ್ಕಮಗಳೂರು ಪೇಟೆಯದು, ಗಿರಿಯದ್ದಲ್ಲ. ಇನ್ನೊಂದು ಮೋಸ ಇದೆ. ಸ್ಕ್ರೀನಿನಲ್ಲಿ ಬರುವ ಎತ್ತರ ನೀನು ಹಾರಿಸಿದ ಜಾಗದಿಂದ ಲೆಕ್ಕ. ಅಂಚು ದಾಟಿದರೆ ಕೆಳಗೆ ನೆಲವೇ ಜಾರಿಹೋಗುತ್ತೆ. ಸ್ಕ್ರೀನಿನಲ್ಲಿ 300 ಅಡಿ ಅಂತಿದ್ದರೂ ಕಣಿವೆಯ ಮೇಲೆ ಸಾವಿರ ಅಡಿ ಆಗಿರಬಹುದು. ಮೊದಲೇ ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲೂ ನೆಲದಿಂದ 400 ಅಡಿ ಅಷ್ಟೇ ಮಿತಿ. 2021ರ ಡ್ರೋನ್ ನಿಯಮ ಅದು.

ಹೊರಡುವ ಹಿಂದಿನ ದಿನ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ನೋಡು. ಅದರಲ್ಲಿ ಹಸಿರು ಕಂಡಿತು ಅಂತ ಹಿಗ್ಗಬೇಡ. ಭದ್ರಾ ಹುಲಿ ಮೀಸಲು ಕಾಡಿನ ಕಡೆ ಹೋದರೆ ಅರಣ್ಯ ಇಲಾಖೆ ಒಪ್ಪಿಗೆ ಬೇಕು. ಬೇಲೂರು, ಹಳೇಬೀಡಿನಲ್ಲಿ ಪುರಾತತ್ವ ಇಲಾಖೆಯದು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗುಡಿಗಳು, ಕಾವಲಿನವರು ನಿನ್ನ ನಗುವಿಗೆಲ್ಲ ಕರಗಲ್ಲ. ಹಾಸನದಲ್ಲಿ ಇಸ್ರೋದವರು ಉಪಗ್ರಹ ನಿಯಂತ್ರಿಸುವ ಕೇಂದ್ರ ಇದೆ, ಆ ಸುತ್ತಿನಲ್ಲಿ ಚೀಲದಿಂದ ಹೊರಗೇ ತೆಗೀಬೇಡ.

ಮಂಜು ಕವಿದರೆ ಇಳಿಸಿಬಿಡು. "ಇನ್ನೊಂದೇ ಶಾಟ್" ಅನ್ನುವುದು ನಿನ್ನ ಹಳೇ ರೋಗ. ಕಣ್ಣಿಗೆ ಕಾಣದೆ ಹಾರಿಸುವುದು ನಿಯಮಕ್ಕೂ ತಪ್ಪು, ಒಳಗಿನ ಎಲೆಕ್ಟ್ರಾನಿಕ್ ಭಾಗಗಳಿಗೆ ತೇವವೂ ಆಗಿಬರಲ್ಲ. ಹತ್ತು ಗಂಟೆಗೆ ತಿಳಿಯಾದರೂ ಆದೀತು, ಅಲ್ಲಿವರೆಗೆ ಕಾಫಿ ಕುಡಿಯಿರಿ.

ಡಬ್ಬಿಯಲ್ಲಿ ಬೇರೆ ರೆಕ್ಕೆ ಇದೆ, ಆದರೆ ಅದರ ಸ್ಕ್ರೂ ಸಾಸಿವೆ ಕಾಳಿನಷ್ಟು, ನನ್ನ ಕಣ್ಣಿಗೆ ಸಿಗುತ್ತಿಲ್ಲ. ನೀನೇ ಬಂದು ಹಾಕು. ಒಡೆದ ಎರಡು ಹೆಂಚು ಮಂಗ ಒಡೆದದ್ದು ಅಂತ ಅಮ್ಮನಿಗೆ ಹೇಳಿದ್ದೇನೆ.

ಅಪ್ಪ